ಕನೆಕ್ಷನ್ ಬಸ್ ಬರುವವರೆಗೆ

ಮಾವನವರ ಕಾಲು ಒಮ್ಮೆ ಜಾರಿದ್ದಕ್ಕೆ ತಗಲಿದ ಖರ್ಚನ್ನು ಅಳಿಯ ಕನ್ನಡಕದ ಲೆಕ್ಕದಲ್ಲೇ ಹೇಳುತ್ತಿದ್ದ. ಅವನಿಗೆ ಗೊತ್ತಿದ್ದ ವ್ಯಾಪಾರ ಅದೊಂದೇ. ಗಾಯಕ್ಕೆ ಬ್ಯಾಂಡೇಜ್ ಕಟ್ಟುವ ನರ್ಸಮ್ಮ ಒಂದು ಸಲ ಬಂದುಹೋದರೆ ಒಂದು ಸಾಧಾರಣ ಫ್ರೇಮು. ವ್ಯಾಯಾಮ ಮಾಡಿಸುವವನು ಬಂದರೆ ಫ್ರೇಮಿನ ಜೊತೆ ಎರಡು ಗಾಜು. ಸ್ನಾನ ಮಾಡಿಸುವ ಅಕ್ಕನಿಗೆ ಕನ್ನಡಕದ ಡಬ್ಬಿ. ಈ ಮೂವರ ದಾರಿ ಕಾಯುತ್ತ ಅಂಗಡಿ ಮುಚ್ಚಿಕೊಂಡು ಮನೆಯಲ್ಲಿ ಕೂತದ್ದಕ್ಕೆ ಇಡೀ ಷೋಕೇಸು.

ಹೆಂಡತಿಯದು ತಿಂಗಳ ಸಂಬಳದ ಕೆಲಸ, ಬಿಡುವಂತಿರಲಿಲ್ಲ. ಹಾಗಾಗಿ ಬಿಡಬೇಕಾದದ್ದು ಅಂಗಡಿಯೇ ಆಯಿತು.

ಕಾಯುವುದಾದರೂ ಸುಖವಾಗಿತ್ತೇ ಎಂದರೆ ಅದೂ ಇಲ್ಲ. ನರ್ಸಮ್ಮ ಬ್ಯಾಂಡೇಜ್ ಕಟ್ಟಿ, ಕಾಲನ್ನು ದಿಂಬಿನ ಮೇಲಿಟ್ಟು ಹೋಗುತ್ತಿದ್ದಳು. ಆಮೇಲೆ ಸ್ನಾನದ ಅಕ್ಕ ಬಂದು ಬ್ಯಾಂಡೇಜ್ ನೆನೆಸಿ, ದಿಂಬನ್ನೂ ಒಗೆದು ಹಾಕುತ್ತಿದ್ದಳು. ಅವಳು ಹೋದ ಮೇಲೆ ಬಂದ ವ್ಯಾಯಾಮದವನು ಒಣಗಲು ಹಾಕಿದ ದಿಂಬು ನೋಡಿ, "ದಿಂಬು ಇಡೋರು ಯಾರು? ಕಾಲು ಮರಗಟ್ಟಿ ಹೋಗುತ್ತೆ ಅಂತ ಹೇಳಿ ಅವರಿಗೆ" ಎಂದು ಗದರುತ್ತಿದ್ದ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮೂವರ ಜಗಳವೂ ಅಳಿಯನ ಒಂದು ಕಿವಿಯಲ್ಲಿ ಹೊಕ್ಕು ಅವನ ಬಾಯಿಂದಲೇ ಹೊರಡಬೇಕಿತ್ತು. ಬೈಸಿಕೊಳ್ಳುವವನೂ ಅವನೇ.

ಕೊನೆಗೆ ಅವನು ಆರೈಕೆ ಕಚೇರಿಗೆ ಹೋಗಿ, ಇವರನ್ನೆಲ್ಲ ಹೊಂದಿಸಿಕೊಂಡು ಹೋಗುವ ಒಬ್ಬರನ್ನು ಕಳಿಸಿಕೊಡಿ ಎಂದು ಗೋಗರೆದಿದ್ದ. ಮನೆಯ ಸ್ಥಿತಿ ನೋಡಲು ಆ ದಿನ ಕಚೇರಿಯ ಮೇಡಂ ಬರುವವರಿದ್ದರು. ಅವರು ಹೂಂ ಅಂದರೆ ನಾಳೆಯೇ ಅಂಗಡಿಯ ಬಾಗಿಲು ತೆಗೆಯಬಹುದು. ಅದಕ್ಕೇ ಅಳಿಯ ಬೆಳಿಗ್ಗೆ ಮನೆ ಗುಡಿಸಲಿಲ್ಲ. ಕಷ್ಟ ಕಣ್ಣಿಗೆ ಕಾಣಬೇಕಲ್ಲ.

ಮಾವನವರು ಬಸ್ ನಿಲ್ದಾಣದ ಕಂಟ್ರೋಲರ್ ಆಗಿದ್ದವರು. ಊರಿನಲ್ಲಿ ನಡುವಯಸ್ಸು ದಾಟಿದವರಿಗೆಲ್ಲ ಅವರ ದನಿಯ ಪರಿಚಯವಿತ್ತು. ಮುಖ ಕಂಡವರು ಕಡಿಮೆ. ಮೈಕಿನಲ್ಲಿ ಅವರು ಬಸ್ಸಿನ ಹೆಸರು ಹೇಳುವಾಗ ಮನೆಮಗಳನ್ನು ಹೆಸರು ಹಿಡಿದು ಕರೆದ ಹಾಗಿರುತ್ತಿತ್ತಂತೆ. ಡೀಸೆಲ್ ಹೊಗೆ, ಒದ್ದೆ ಕೊಡೆಗಳು, ಗಾಜಿನ ಲೋಟದ ಚಹಾ, ಕಿಟಕಿಗೆ ಕರವಸ್ತ್ರ ಎಸೆದು ಸೀಟು ಹಿಡಿಯುವವರು. ಅದೆಲ್ಲದರ ನಡುವೆ ಅವರ ಸೀಟಿ ಕೇಳದೆ ಒಂದು ಚಕ್ರವೂ ಉರುಳುತ್ತಿರಲಿಲ್ಲ. ಈಗ ನಿಲ್ದಾಣ ಊರಾಚೆ ಹೋಗಿದೆ, ಮೈಕಿನಲ್ಲಿ ಯಂತ್ರ ಮಾತಾಡುತ್ತದೆ. ಹಳೆಯ ಸೀಟಿ ಮಾತ್ರ ಮಾವನವರ ಕೊರಳಲ್ಲಿತ್ತು, ನೀರು ಬೇಕಾದಾಗ ಅಳಿಯನನ್ನು ಕರೆಯಲು.

ಆ ದಿನ ನರ್ಸಮ್ಮ ಕಟ್ಟು ಮುಗಿಸಿ ದಿಂಬಿನ ಮೇಲೆ ಕಾಲಿಟ್ಟು, "ತಾತ, ಈ ಕಾಲು ಯಾರು ಹೇಳಿದ್ರೂ ಅಲುಗಬಾರದು" ಅಂದಳು. ಹೊರಡುವ ಹೊತ್ತಿಗೆ ಸ್ಕೂಟರಿನ ಕೀಲಿ ಕಾಣಲಿಲ್ಲ. ಅಳಿಯ ಮಂಚದ ಕೆಳಗೆ ತೆವಳಿ ಧೂಳು ತಿಂದು ಬಂದ.

"ಹುಡುಕಬೇಡಿ ಅಳಿಯಂದ್ರೆ, ದಿಂಬಿನ ಕೆಳಗಿದೆ" ಅಂದರು ಮಾವ.

"ಕೊಡಿ ತಾತ, ಇನ್ನೂ ನಾಲ್ಕು ಮನೆ ಇದೆ."

"ಹೆಂಗಮ್ಮ ಕೊಡ್ಲಿ? ಕಾಲು ಅಲುಗಬಾರದು ಅಂದೋಳು ನೀನೇ. ಕಾಲೆತ್ತೋ ಅಧಿಕಾರ ವ್ಯಾಯಾಮದವನಿಗೆ. ಕನೆಕ್ಷನ್ ಬಸ್ ಬರೋವರೆಗೂ ಕೂತ್ಕೋ. ಅದು ಬರದೆ ಗಾಡಿ ಬಿಟ್ರೆ ಪ್ರಯಾಣಿಕರು ನಡುದಾರೀಲಿ ನಿಲ್ತಾರೆ. ನಿನ್ನೆ ನಾನೇ ನಿಂತಿದ್ದೆ, ಒದ್ದೆ ಕಾಲಲ್ಲಿ."

ಅಷ್ಟರಲ್ಲಿ ಸ್ನಾನದ ಅಕ್ಕ ಬಕೆಟ್ ಹಿಡಿದು ಒಳಬಂದಳು. ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕಟ್ಟೋರು ನೀವೇನಾ?"

"ನೆನೆಸೋರು ನೀವೇನಾ?"

ಅಳಿಯನ ಬಾಯಿಗೆ ಸಕ್ಕರೆ ಬಿದ್ದಂತಾಯಿತು. ಮೇಡಂ ಬರುವ ಹೊತ್ತಿಗೆ ಜಗಳ ಹದವಾಗಿ ಕಾದಿರುತ್ತದೆ. "ಅಕ್ಕ, ಇವರು ಕಟ್ಟೋದೇ ಸರಿಯಿಲ್ಲ ಅಂತಿದ್ರಲ್ಲ ನೀವು" ಎಂದು ಒಂದಿಷ್ಟು ಎಣ್ಣೆಯನ್ನೂ ಸುರಿದ. ವ್ಯಾಯಾಮದವನು ಹೊಸ್ತಿಲಲ್ಲೇ ದಿಂಬು ನೋಡಿ, "ಓಹೋ, ಇವತ್ತು ಸಿಕ್ಕಿಬಿದ್ರಿ" ಅಂದ. ಮೂವರ ದನಿಯೂ ಏರಿತು. ಸಂತೆಯಲ್ಲಿ ಕೋಳಿ ಬುಟ್ಟಿ ಮಗುಚಿದ ಹಾಗಾಯಿತು ಮನೆ.

ಮೇಡಂ ಬಂದರೋ ನೋಡೋಣವೆಂದು ಅಳಿಯ ಗೇಟಿಗೆ ಓಡಿದ. ಬಂದಿದ್ದರು, ಆದರೆ ಮಹಡಿಯ ಮನೆಯಮ್ಮ ಅವರನ್ನು ಮೆಟ್ಟಿಲ ಬಳಿಯೇ ಹಿಡಿದಿದ್ದಳು.

"ಅಳಿಯ ಅಂದ್ರೆ ಹಿಂಗಿರ್ಬೇಕು ಮೇಡಂ. ಎಲ್ಲಾ ಒಬ್ಬನೇ ತೂಗಿಸ್ತಾನೆ. ಯಾರ ಸಹಾಯಾನೂ ಬೇಕಿಲ್ಲ ಇವನಿಗೆ."

"ಬೇಕು" ಅಂದ ಅಳಿಯ.

"ನೋಡಿ, ನಾಚಿಕೆ ಬೇರೆ."

ಅವಳ ಬಾಯಿಂದ ಮೇಡಂ ಅವರನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಒಳಗೆ ಸೀಟಿ ಕೇಳಿಸಿತು. ಉದ್ದನೆಯದು ಒಂದು, ತುಂಡು ಎರಡು. ಆಮೇಲೆ ಸದ್ದೇ ಇಲ್ಲ.

ಅವರು ಒಳಗೆ ಹೋದಾಗ ವ್ಯಾಯಾಮದವನು ಕಾಲನ್ನು ಎರಡೂ ಕೈಯಲ್ಲಿ ಹಗುರವಾಗಿ ಎತ್ತಿ ಹಿಡಿದಿದ್ದ. ನರ್ಸಮ್ಮ ಅದರ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತುತ್ತಿದ್ದಳು. ಸ್ನಾನದ ಅಕ್ಕ ಎಲ್ಲಿಯವರೆಗೆ ನೀರು ತಾಗಬಹುದೆಂದು ಬೆರಳಿಟ್ಟು ಕೇಳಿಕೊಳ್ಳುತ್ತಿದ್ದಳು.

ಮಾವ ಹೇಳುತ್ತಿದ್ದರು: "ಇವತ್ತಿಗೆ ಚೀಲ. ನಾಳೆಯಿಂದ ಮೊದಲು ವ್ಯಾಯಾಮ. ಅವನು ಮುಗಿಸೋವರೆಗೆ ಸ್ನಾನ ಹೊರಡಬಾರದು. ಸ್ನಾನ ಮುಗಿಯೋ ಹೊತ್ತಿಗೆ ಬ್ಯಾಂಡೇಜ್ ಬಂದು ನಿಂತಿರ್ಬೇಕು. ಮುಂದಿನವರ ಕೈಗೆ ನನ್ನ ಒಪ್ಪಿಸದೆ ಯಾರೂ ಜಾಗ ಬಿಡಬಾರದು."

"ಮೇಡಂ, ಈಗತಾನೇ ಹೊಡೆದಾಡ್ತಿದ್ರು" ಅಂದ ಅಳಿಯ.

"ನಾವಾ?" ಅಂದರು ಮೂವರೂ ಒಂದೇ ದನಿಯಲ್ಲಿ.

ಮೇಡಂಗೆ ಅದು ಕೇಳಿಸಿದಂತಿರಲಿಲ್ಲ. ಮಂಚದ ಕಡೆಯೇ ನೋಡುತ್ತ ಅವರು ಮೆಲ್ಲನೆ ಕುರ್ಚಿಯಲ್ಲಿ ಕೂತರು.

"ಹಳೇ ಬಸ್ ಸ್ಟ್ಯಾಂಡ್ ದನಿ ಅಲ್ವಾ ಇದು?"

"ಹೌದಮ್ಮ."

"ಆಗ ನಾನಿನ್ನೂ ಹುಡುಗಿ. ಈ ಕೆಲಸದ ಇಂಟರ್ವ್ಯೂಗೆ ಹೊರಟಿದ್ದೆ. ನಮ್ಮೂರ ಬಸ್ ಕೆಟ್ಟು ತಡವಾಯ್ತು. ನೀವು ಪಟ್ಟಣದ ಬಸ್ಸನ್ನ ಬಿಟ್ಟಿರ್ಲಿಲ್ಲ. ಡ್ರೈವರ್ ಹಾರ್ನ್ ಹೊಡೀತಾನೇ ಇದ್ದ. ನೀವು ಮೈಕಲ್ಲಿ, 'ಒಂದು ಹುಡುಗಿ ಓಡಿ ಬರ್ತಾ ಇದೆ, ಎಲ್ರೂ ತಾಳ್ಮೆಯಿಂದಿರಿ' ಅಂದ್ರಿ."

"ಹಸಿರು ಚೀಲ ಇತ್ತೇನಮ್ಮ ಕೈಲಿ?" ಅಂದರು ಮಾವ.

ಮೇಡಂ ಹೌದೆಂದು ತಲೆಯಾಡಿಸಿದರು. ಅಳಿಯ ಓಡಿಹೋಗಿ ಅವರಿಗೆ ಒಂದು ಲೋಟ ನೀರು ತಂದ. ಲೋಟ ಕೊಡುತ್ತಲೇ ಕೇಳಿದ:

"ಹಾಗಾದ್ರೆ ಮೇಡಂ, ನಾಳೆಯಿಂದ ಒಬ್ಬರನ್ನ ಕಳಿಸ್ತೀರಲ್ವಾ?"

"ಇಲ್ಲಿಗ್ಯಾಕ್ರೀ? ಇಷ್ಟು ಹೊಂದಾಣಿಕೆ ಇರೋ ಮನೆ ನಾನು ನೋಡೇ ಇಲ್ಲ." ಅವರು ಮಾವನ ಕಡೆ ತಿರುಗಿದರು. "ಈ ಬೀದೀಲಿ ನಮ್ಮವರು ಹೋಗೋ ಮನೆ ಇನ್ನೂ ಆರಿದೆ, ಎಲ್ಲಾ ಕಡೆ ಇದೇ ಗೋಳು. ಆ ಆರೂ ಮನೇನ ನೀವೇ ನಡೆಸಿಕೊಡ್ಬೇಕು. ಯಾರು ಮೊದಲು, ಯಾರು ಆಮೇಲೆ, ನೀವು ಹೇಳಿದ ಹಾಗೆ."

"ಬಾಯಿದೆಯಮ್ಮ, ಕಾಲಿಲ್ವಲ್ಲ" ಅಂದರು ಮಾವ.

ಮೇಡಂ ಅಳಿಯನ ಕಾಲುಗಳನ್ನು ನೋಡಿದರು. ನರ್ಸಮ್ಮ ನೋಡಿದಳು. ಸ್ನಾನದ ಅಕ್ಕನೂ ವ್ಯಾಯಾಮದವನೂ ನೋಡಿದರು. ಬಾಗಿಲಲ್ಲಿ ನಿಂತಿದ್ದ ಮಹಡಿಯಮ್ಮ, "ಇವನು ಇಲ್ಲ ಅನ್ನೋನಲ್ಲ" ಅಂದಳು.

ಅಳಿಯ ಮನಸ್ಸಿನಲ್ಲೇ ಆ ಹಳೆಯ ನಿಲ್ದಾಣಕ್ಕೆ ಹೋಗಿ ಬಂದ. ಅಂದು ಮಾವ ಸೀಟಿಯನ್ನು ಒಂದಿಷ್ಟು ಮೊದಲೇ ಊದಿದ್ದರೆ, ಇಂದು ಈ ಕುರ್ಚಿಯಲ್ಲಿ ಬೇರೆ ಯಾರೋ ಮೇಡಂ ಇರುತ್ತಿದ್ದರು.

ಮರುದಿನ ಬೆಳಕು ಹರಿಯುತ್ತಲೇ ಮಂಚವನ್ನು ಕಿಟಕಿಗೆ ಎಳೆಸಿಕೊಂಡು ಮಾವ ಸೀಟಿ ಊದಿದರು. ಮೂಲೆಮನೆಯ ಅಜ್ಜಿಯ ವ್ಯಾಯಾಮ ಮುಗಿಯಿತೋ ಇಲ್ಲವೋ ನೋಡಿ ಬರಲು ಅಳಿಯ ಚಪ್ಪಲಿ ಮೆಟ್ಟಿದ.

ಅಂದಿನಿಂದ ಯಾರ ಬ್ಯಾಂಡೇಜೂ ನೆನೆಯಲಿಲ್ಲ. ಮಾವನವರಿಗೆ ಅವರ ಬಸ್ ನಿಲ್ದಾಣ ಮರಳಿ ಸಿಕ್ಕಿತು. ಕನ್ನಡಕದ ಅಂಗಡಿ ಮಾತ್ರ ತೆರೆಯಲಿಲ್ಲ.