ನಮ್ಮ ಯಜಮಾನರ ಕಿರುಬೆರಳು

ಮದುವೆಯಾದ ದಿನದಿಂದ ನಮ್ಮ ಯಜಮಾನರ ಎಡಗೈಯಲ್ಲಿ ಐದು ಬೆರಳಿವೆ ಅಂತಲೇ ನಂಬಿಕೊಂಡು ಸಂಸಾರ ಮಾಡಿದವಳು ನಾನು. ಕೆಲಸಕ್ಕೆ ಬರೋದು ನಾಲ್ಕೇ, ಐದನೆಯದು ಬರೀ ಭರ್ತಿಗೆ ಅಂತ ಗೊತ್ತಾಗಿದ್ದು ಈ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ. ಪತ್ತೆ ಹಚ್ಚಿದವಳು ಬಾಳ್ಳುಪೇಟೆಯಲ್ಲಿ ಗಿಟಾರ್ ಕಲಿಸುವ ಮೋನಿಕಾ ಅನ್ನೋ ಹುಡುಗಿ.

ಯಜಮಾನರ ಹೆಸರು ಜಯಕುಮಾರ್. ಹಾನುಬಾಳಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಕಾಲೇಜಿನ ಕಾಲದ ಗಿಟಾರೊಂದು ಇವರ ಹತ್ತಿರ ಇದೆ. (ನನಗಿಂತ ಮೊದಲೇ ಮನೆ ತುಂಬಿದ್ದು, ಹಾಗಾಗಿ ಅದನ್ನು ದೊಡ್ಡವಳು ಅಂತಲೇ ಕರೀತೀನಿ.) ನಾದಿನಿಯ ಮಗಳು ರಶ್ಮಿತಾ ನಮ್ಮ ಮನೆಯಲ್ಲೇ ಬೆಳೆದ ಹುಡುಗಿ. ಅವಳ ಮದುವೆ ಬಾಳ್ಳುಪೇಟೆ ಛತ್ರದಲ್ಲಿ ಅಂತ ನಿಶ್ಚಯವಾದ ದಿನ ಇವರು ಊಟದೆಲೆಯ ಮುಂದೆ ಘೋಷಣೆ ಹೊರಡಿಸಿದರು.

"ಆರತಕ್ಷತೆ ದಿವ್ಸ ಅವ್ವನ ಜೋಗುಳ ನಾನು ಗಿಟಾರ್‌ನಲ್ಲಿ ನುಡಿಸ್ತೀನಿ."

ಅವ್ವ ಅಂದರೆ ನಮ್ಮತ್ತೆ ಭೂತಮ್ಮ. ರಶ್ಮಿತಾ ತೊಟ್ಟಿಲಲ್ಲಿದ್ದಾಗ ಅವರೇ ಕಟ್ಟಿ ಹಾಡುತ್ತಿದ್ದ ಪದ ಅದು. ಮಾತು ಕಡಿಮೆ, ರಾಗವೇ ಜಾಸ್ತಿ. ನಡುವೆ ಒಂದು ಕಡೆ ದನಿ ಮೆಲ್ಲಗೆ ಮೇಲಕ್ಕೆ ಹತ್ತಿ, ಅಲ್ಲಿ ಒಂದು ಗಳಿಗೆ ನಿಂತು, ಹಾಗೇ ಇಳಿದು ಬರುತ್ತೆ. ಎಂಥಾ ರಚ್ಚೆ ಹಿಡಿದ ಕೂಸಾದರೂ ಆ ಜಾಗದಲ್ಲಿ ಕಣ್ಣು ಮುಚ್ಚಬೇಕು.

ಇವರು ಅವತ್ತೇ ನುಡಿಸಿ ತೋರಿಸಿದರು. ಶುರು ಚೆನ್ನಾಗಿತ್ತು. ಆ ಏರು ಬಂದಾಗ ತಂತಿ ಒತ್ತುವ ಮೂರು ಬೆರಳಿಗೆ ಜಾಗ ಎಟುಕದೆ ಇಡೀ ಕೈಯನ್ನೇ ಕಿತ್ತು ಮೇಲಕ್ಕೆ ಹಾರಿಸಿದರು. ರಾಗ ಕಡಿಯಿತು.

ಅತ್ತೆ ಎಲೆಯಡಿಕೆ ಮೆಲ್ಲುತ್ತಾ ಅಂದರು, "ಅಲ್ಲೇ ಕಣೋ ಕೆಟ್ಟಿದ್ದು. ಮಗ ಎದ್ಬುಡ್ತು."

ಎಷ್ಟು ಸಲ ನುಡಿಸಿದರೂ ಮಗ ಅಲ್ಲೇ ಏಳುತ್ತಿತ್ತು. ಕೊನೆಗೆ ಸೋತು ಮೋನಿಕಾಳನ್ನು ಮನೆಗೆ ಕರೆಸಿದರು. ಅವಳು ಇವರ ಎಡಗೈ ನೋಡಿ ನಕ್ಕಳು.

"ಅಂಕಲ್, ನಿಮ್ಮ ಕಿರುಬೆರಳು ನೆಂಟರ ಥರ ಕೂತಿದೆ. ಉಳಿದವು ದುಡೀತಾ ಇವೆ, ಇದು ನೋಡ್ತಾ ಇದೆ."

ಆಮೇಲೆ ಗಿಟಾರ್ ತಗೊಂಡು ಆ ಏರನ್ನು ತಾನು ನುಡಿಸಿದಳು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಕೈ ಇದ್ದಲ್ಲೇ ಇದೆ. ಕಡ್ಡಿಯಂಥ ಆ ಪುಟ್ಟ ಬೆರಳು ಮಾತ್ರ ಬಾಗಿ ತಂತಿಯ ಮೇಲೆ ಇಳಿಯಿತು, ಇಬ್ಬನಿ ಹನಿ ಎಲೆ ಮೇಲೆ ಕೂತ ಹಾಗೆ. ಸದ್ದು ಮಾತ್ರ ಗಂಟೆಯಷ್ಟು ತುಂಬು. ಇಷ್ಟು ವರ್ಷ ಕಿವಿ ತುರಿಸೋಕೆ ಬಿಟ್ಟು ಇನ್ಯಾತಕ್ಕೂ ನಾನು ಬಳಸದ ಬೆರಳು ಅದು.

"ದಿನಾ ಈ ಪಟ್ಟಿಗಳ ನಡುವಿನ ಒಂದೊಂದು ಮನೆಗೆ ಒಂದೊಂದು ಬೆರಳು ಇಟ್ಟು, ಜೇಡ ನಡೆದ ಹಾಗೆ ನಿಧಾನಕ್ಕೆ ನಡೆಸಿ," ಅಂತ ಅವಳು ಹೇಳಿಕೊಟ್ಟಳು. "ತುದಿಯಿಂದ ಒತ್ತಿ. ನೋವು ಬಂದರೆ ನಿಲ್ಲಿಸಿ."

ಮೊದಲನೆಯದೆಲ್ಲ ಇವರ ಕಿವಿಗೆ ಬಿತ್ತು. ಕೊನೆಯದು ಬೀಳಲಿಲ್ಲ.

ಮಾರನೇ ದಿನದಿಂದ ನಮ್ಮ ಮನೆಯಲ್ಲಿ ಕಿರುಬೆರಳಿನ ಸಾಮ್ರಾಜ್ಯ ಸ್ಥಾಪನೆಯಾಯಿತು. ಹಾಲಿನ ಕ್ಯಾನು ಕಿರುಬೆರಳಲ್ಲಿ. ಜೀಪಿನ ಬಾಗಿಲು ಕಿರುಬೆರಳಲ್ಲಿ. ಚಪಾತಿ ಹಿಟ್ಟಿಗೆ ಕಿರುಬೆರಳಿಂದ ಚುಚ್ಚಿ ಚುಚ್ಚಿ ಇಡೀ ಮುದ್ದೆಯನ್ನು ಜೇನುಗೂಡು ಮಾಡಿಟ್ಟರು. ಬಸ್ಸಲ್ಲಿ ಮುಂದಿನ ಸೀಟಿನ ಮೇಲೆ ಜೇಡ ನಡೆಸುತ್ತಾ, ಅಲ್ಲಿ ಕೂತಿದ್ದ ನಮ್ಮೂರ ನಂಜುಂಡಯ್ಯನವರ ಹೆಗಲ ಮೇಲೂ ನಡೆಸಿದರು. ಅವರು ಎದ್ದು ಬೇರೆ ಸೀಟಿಗೆ ಹೋದರು.

"ರೀ, ಇದು ಗಿಟಾರೋ ಗರಡಿಮನೆಯೋ?" ಅಂದೆ.

"ಶೀಲಾ, ಕೃಷ್ಣ ಗೋವರ್ಧನಗಿರಿ ಎತ್ತಿದ್ದು ಯಾವ ಬೆರಳಲ್ಲಿ?"

"ಅವನು ಎತ್ತೋಕೆ ಮುಂಚೆ ಹಾಲಿನ ಕ್ಯಾನಲ್ಲಿ ಪ್ರಾಕ್ಟೀಸ್ ಮಾಡಿರಲಿಲ್ಲ."

ಮಾತು ಮುಗಿಯುವಷ್ಟರಲ್ಲಿ ಇವರು ತುಂಬಿದ ಬಕೆಟ್ಟಿಗೆ ಬೆರಳು ಸಿಕ್ಕಿಸಿ ಎತ್ತಿಯೇ ಬಿಟ್ಟರು. ಬಕೆಟ್ ಎದ್ದಿತು, ಬೆರಳು ಬಿತ್ತು. ಸಂಜೆಗೆ ಅದು ಊದಿಕೊಂಡು ತೊಂಡೆಕಾಯಿ ಆಗಿತ್ತು.

ನೋಡೋಕೆ ಬಂದ ಮೋನಿಕಾ ಈ ಸಲ ನಗಲಿಲ್ಲ. "ಅಂಕಲ್, ಬೇಕಾಗಿರೋದು ತಾಕತ್ತಲ್ಲ. ಪಕ್ಕದ ಬೆರಳು ಸುಮ್ಮನಿದ್ದಾಗ ಇದು ತಾನೇ ಏಳೋದು ಕಲೀಬೇಕು. ಅದು ಪ್ರೀತಿಯಿಂದ ಆಗೋ ಕೆಲಸ."

ಅವಳು ಹೋದ ಮೇಲೆ ನಾನು ಅಡುಗೆ ಕಟ್ಟೆ ಮೇಲೆ ಅಂಗೈ ಊರಿ, ಕಿರುಬೆರಳೊಂದನ್ನೇ ಎತ್ತಿ ನೋಡಿದೆ. ಪಕ್ಕದ ಉಂಗುರದ ಬೆರಳೂ ಜೊತೆಗೇ ಎದ್ದಿತು. ಅದನ್ನು ಅದುಮಿ ಹಿಡಿದರೆ ಇದು ನಡುಗಿತು. ಜನ್ಮವಿಡೀ ನನ್ನ ಜೊತೆಗಿರೋ ಬೆರಳು ನನ್ನ ಮಾತು ಕೇಳದು. ಆಗ ನನಗೆ ಯಜಮಾನರ ಮೇಲೆ ಮೊದಲ ಸಲ ಸ್ವಲ್ಪ ಗೌರವ ಬಂತು. (ಅವರಿಗೆ ಹೇಳಲಿಲ್ಲ. ಹೇಳಿದರೆ ತಡಕೊಳ್ಳೋಕಾಗಲ್ಲ.)

ಊತ ಇಳಿದ ಮೇಲೆ ಇವರು ಬೇರೆಯೇ ಮನುಷ್ಯರಾದರು. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಕೂತು, ಎಷ್ಟು ಮೆಲ್ಲಗೆ ಅಂದರೆ ಅಷ್ಟು ಮೆಲ್ಲಗೆ ಆ ಬೆರಳನ್ನು ಇಳಿಸುವರು, ಎತ್ತುವರು. ಒಂದು ದಿನ ನಾನು ಹಪ್ಪಳ ಒಣಹಾಕೋ ನೆಪದಲ್ಲಿ ನೋಡುತ್ತಿದ್ದೆ. ಬೆರಳು ನಡುಗುತ್ತಾ ತಂತಿಯ ಮೇಲೆ ನಿಂತಿತು, ಆಗಷ್ಟೇ ಹುಟ್ಟಿದ ಕರು ಕಾಲೂರಿ ನಿಂತ ಹಾಗೆ. ಮರುಕ್ಷಣ ಜಾರಿತು. ಮತ್ತೆ ನಿಂತಿತು. ಐವತ್ತು ದಾಟಿದ ಗಂಡಸು ಉಸಿರು ಬಿಗಿಹಿಡಿದು ತನ್ನದೇ ಬೆರಳನ್ನು ಕಾಯುತ್ತಿದ್ದರು. ಹಪ್ಪಳ ಸೀರೆಗೆ ಅಂಟಿದ್ದು ಗೊತ್ತೇ ಆಗಲಿಲ್ಲ ನನಗೆ.

ನನ್ನ ತವರಿನ ಕಡೆಯವರಿಗೆ ಮಾತ್ರ ಇದು ತಮಾಷೆ. ಆಲೂರಿನಿಂದ ಮದುವೆಗೆ ಬಂದ ನನ್ನ ಚಿಕ್ಕಮ್ಮ ನೇತ್ರಾವತಿ ಛತ್ರದ ಬಾಗಿಲಲ್ಲೇ ಕೇಳಿದಳು, "ನಿನ್ನ ಗಂಡ ಏನೋ ಬಾರಿಸ್ತಾನಂತೆ. ಈ ವಯಸ್ಸಲ್ಲಿ ಯಾವ ಬೆರಳು ಬಗ್ತೈತೆ, ಮಾರಾಯ್ತಿ?"

ಆರತಕ್ಷತೆ ನಡೆದಿತ್ತು. ಹೊರಗೆ ಹೆದ್ದಾರಿಯಲ್ಲಿ ಲಾರಿಗಳ ಹಾರನ್ನು, ಒಳಗೆ ಐಸ್‌ಕ್ರೀಮ್ ಸಾಲಿನ ಗದ್ದಲ. ಇವರು ವೇದಿಕೆಯ ಪಕ್ಕ ಕುರ್ಚಿ ಹಾಕಿಕೊಂಡು ಶುರು ಮಾಡಿದರು. ಯಾರೂ ತಿರುಗಲಿಲ್ಲ. ನನಗೆ ಬೇರೇನೂ ಕಾಣುತ್ತಿರಲಿಲ್ಲ, ಬರೀ ಆ ಬೆರಳು. ರಾಗ ಏರತೊಡಗಿತು. ಕೈ ಅಲ್ಲಾಡಲಿಲ್ಲ. ಬೆರಳು ಬಾಗಿತು, ಇಳಿಯಿತು, ನಿಂತಿತು. ಸ್ವರ ಛತ್ರದ ಸೂರಿನವರೆಗೂ ಹೋಗಿ ಅಲ್ಲಿ ಒಂದು ಗಳಿಗೆ ಇದ್ದು, ಇಳಿದು ಬಂತು. ಐಸ್‌ಕ್ರೀಮ್ ಸಾಲು ಸುಮ್ಮನಾಯಿತು.

ನನ್ನ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಅನುಮಾನಪಟ್ಟಿದ್ದ ಚಿಕ್ಕಮ್ಮ ಬಾಗಿಲ ಹತ್ತಿರ ಕೂತಿದ್ದಳಲ್ಲ, ಅವಳಿಗೆ ತೋರಿಸಬೇಕು ಅನ್ನಿಸಿತು. ಎದ್ದು ನಿಂತೆ. ಮಾತು ಹೊರಡಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು, ನೋಡು ಆ ಬೆರಳು ಅನ್ನೋ ಅರ್ಥದಲ್ಲಿ, ನನ್ನ ಕಿರುಬೆರಳನ್ನು ನೆಟ್ಟಗೆ ಎತ್ತಿ ಹಿಡಿದೆ.

ತುಂಬಿದ ಸಭೆಯಲ್ಲಿ ಹೆಂಗಸೊಬ್ಬಳು ಕಣ್ಣೀರು ಹಾಕುತ್ತಾ ಕಿರುಬೆರಳು ಎತ್ತಿದರೆ ಲೋಕ ಏನು ತಿಳಿಯುತ್ತೆ ಅಂತ ನಾನು ಯೋಚಿಸಲಿಲ್ಲ. ಚಿಕ್ಕಮ್ಮ ಓಡಿ ಬಂದಳು. "ಅಯ್ಯೋ ತಡಕೋ, ತಡಕೋ," ಅಂತ ರಟ್ಟೆ ಹಿಡಿದು, ಊಟದ ಹಾಲ್ ದಾಟಿಸಿ, ಪಾತ್ರೆ ತೊಳೆಯುವವರನ್ನೆಲ್ಲ "ದಾರಿ ಬಿಡ್ರಿ, ಅರ್ಜೆಂಟು" ಅಂತ ಸರಿಸಿ, ಹಿತ್ತಲ ಶೌಚಾಲಯದೊಳಗೆ ನೂಕಿ ಕದ ಎಳೆದಳು. ಬಿಕ್ಕುತ್ತಿದ್ದ ನನಗೆ ಇಲ್ಲ ಅನ್ನೋಕೂ ಆಗಲಿಲ್ಲ.

ಅಷ್ಟರಲ್ಲಿ ಇವರು ಜೋಗುಳವನ್ನು ಎರಡನೇ ಸಲ ಎತ್ತಿಕೊಂಡಿದ್ದರು. ಮೇಲಿನ ಕಿಂಡಿಯಿಂದ ತೆಳ್ಳಗೆ ಕೇಳುತ್ತಿತ್ತು. ಏರು ಬಂತು. ಸ್ವರ ನಿಂತಿತು. ಬಕೆಟ್ಟು, ಚೊಂಬಿನ ನಡುವೆ ನಾನು ಕೈ ಮುಗಿದುಕೊಂಡು ನಿಂತಿದ್ದೆ.

"ಆಯ್ತೇನೇ?" ಅಂದಳು ಚಿಕ್ಕಮ್ಮ ಹೊರಗಿನಿಂದ.

ಆಮೇಲೆ ನಡೆದಿದ್ದನ್ನು ಬೇರೆಯವರ ಬಾಯಲ್ಲಿ ಕೇಳಿ ತಿಳಿದುಕೊಂಡೆ. ರಶ್ಮಿತಾ ವೇದಿಕೆ ಇಳಿದು ಬಂದು ಅಜ್ಜಿಯ ತೊಡೆಗೆ ತಲೆ ಇಟ್ಟಳಂತೆ. ಅತ್ತೆಯ ಕೈ ಗಾಳಿಯಲ್ಲಿ ಇಲ್ಲದ ತೊಟ್ಟಿಲೊಂದನ್ನು ತೂಗುತ್ತಿತ್ತಂತೆ. ಇಡೀ ಛತ್ರವೇ ಅದನ್ನು ನೋಡಿತು, ನನ್ನೊಬ್ಬಳನ್ನು ಬಿಟ್ಟು.

ನಾನು ನಿಜ ಹೇಳಿದರೆ ಯಾರೂ ನಂಬುವುದಿಲ್ಲ. ಚಿಕ್ಕಮ್ಮ ಕರುಣೆಯಿಂದ ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದಾಳೆ. ಫೋನ್ ಮಾಡಿದವರು ಯಜಮಾನರ ಬೆರಳನ್ನು ಹೊಗಳಿ, ನನ್ನನ್ನು ಶುಗರ್ ಟೆಸ್ಟ್ ಮಾಡಿಸಿದ್ಯಾ ಅಂತ ಕೇಳುತ್ತಾರೆ. ಮೊನ್ನೆ ಹಾನುಬಾಳಿನ ಬಸ್ಸು ತುಂಬಿತ್ತು. ಗುರುತೇ ಇಲ್ಲದ ಹೆಂಗಸೊಬ್ಬರು ಬಾಗಿಲ ಪಕ್ಕದ ಸೀಟಿನಿಂದ ಎದ್ದು ಜಾಗ ಬಿಟ್ಟರು.

"ಕೂತ್ಕಳಿ ಅಕ್ಕ," ಅಂದರು ಮೆಲ್ಲಗೆ. "ನಿಮಗೆ ಇಳಿಯೋಕೆ ಅವಸರ ಆಗ್ತೈತಂತಲ್ಲ."

ಹಾನುಬಾಳಿನವರೆಗೆ ನಿಂತು ಹೋಗೋದಕ್ಕಿಂತ ಮರ್ಯಾದೆ ಹೋಗೋದೇ ವಾಸಿ ಅನ್ನಿಸಿತು. ಕೂತೆ.