ಮೊಂಡು ಮೊನೆಯ ಬಾಣ

ದರ್ಜಿ ಗುರಿಯಿಟ್ಟದ್ದು ಹಿತ್ತಿಲಿನ ಒಣ ಮರದ ಬೊಡ್ಡೆಗೆ. ಬಾಣ ಹೋಗಿ ನೆಟ್ಟದ್ದು ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ನೀರಿನ ಟ್ಯಾಂಕಿಗೆ. ಸ್ವಲ್ಪ ಹೊತ್ತಿನಲ್ಲೇ ಮನೆ ಓನರು ಸೊಂಟಕ್ಕೆ ಟವೆಲು ಸುತ್ತಿ, ಬೋಳುತಲೆಯ ಮೇಲೆ ಸೋಪಿನ ನೊರೆ ಹೊತ್ತು, ಉಕ್ಕಿದ ಹಾಲಿನ ಪಾತ್ರೆಯಂತೆ ಹಿತ್ತಿಲಿಗೆ ಬಂದರು.

"ನಲ್ಲೀಲಿ ನೀರಿಲ್ಲ, ಗೋಡೆ ಮೇಲೆಲ್ಲಾ ಹೊಳೆ ಹರೀತಿದೆ! ಏನ್ರೀ ಇದು?"

"ಗಾಳಿ ಸ್ವಲ್ಪ ಜಾಸ್ತಿ ಇತ್ತು ಸಾರ್."

"ಗಾಳಿ ಜೊತೆ ನೀವೂ ಹಾರಿಹೋಗ್ತೀರಿ! ಈ ಬಾಣದಿಂದ ಯಾರಿಗೂ ಅಪಾಯ ಇಲ್ಲ ಅಂತ ಸಾಯಂಕಾಲದೊಳಗೆ ತೋರಿಸಿ. ಇಲ್ಲಾಂದ್ರೆ ಬಿಲ್ಲಾದ್ರೂ ಬಿಡಿ, ಮನೆಯಾದ್ರೂ ಬಿಡಿ."

ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಇಣುಕಿದಳು. "ಬಿಲ್ಲು ಇತ್ತ ಕೊಡಿ. ಬಟ್ಟೆ ಒಣಹಾಕೋಕೆ ಒಂದು ಕೋಲು ಬೇಕಿತ್ತು."

ದರ್ಜಿ ಬಿಲ್ಲನ್ನು ಎದೆಗವಚಿಕೊಂಡ. ವಾರವೆಲ್ಲ ಹೊಲಿಗೆ ಯಂತ್ರದ ಮುಂದೆ ಬಾಗಿದ ಬೆನ್ನು ನೆಟ್ಟಗಾಗುತ್ತಿದ್ದುದೇ ಭಾನುವಾರ ಆ ಬಿಲ್ಲು ಹಿಡಿದಾಗ. ಅದು ಉಳಿಯಬೇಕಾದರೆ ಬಾಣದ ಚೂಪು ಮೊನೆ ಹೋಗಿ ಮೊಂಡು ಮೊನೆ ಬರಬೇಕು. ಆದರೆ ಅವನ ಬಾಣಗಳೋ ಪೆನ್ಸಿಲಿಗಿಂತ ಸಣ್ಣ ಮರದ ಕಡ್ಡಿಗಳು. ಆಟದ ಸಾಮಾನಿನ ಅಂಗಡಿಯಿಂದ ತಂದ ರಬ್ಬರು ಮೊನೆ ಮಗುವಿನ ತಲೆಗೆ ಅಪ್ಪನ ಟೋಪಿ ಹಾಕಿದಂತೆ ಜೋಲಾಡಿತು.

ಸುದ್ದಿ ಬೀದಿಗೆಲ್ಲ ಹಬ್ಬಿತು. ಮೊದಲು ಓಡಿಬಂದವನು ನಲ್ಲಿ ರಿಪೇರಿಯವನು. ಜೇಬಿನಿಂದ ಹಿತ್ತಾಳೆಯ ನಟ್ಟೊಂದನ್ನು ತೆಗೆದ.

"ಅಣ್ಣಾ, ಇದನ್ನ ತಿರುಗಿಸಿ ಕೂರಿಸು. ಜನ್ಮದಲ್ಲಿ ಬಿಚ್ಚಲ್ಲ."

ಬಿಚ್ಚಲಿಲ್ಲ, ನಿಜ. ಆದರೆ ಬಿಲ್ಲು ಬಿಟ್ಟ ಬಾಣ ಭಾರಕ್ಕೆ ಮುಗ್ಗರಿಸಿ ದರ್ಜಿಯ ಹೆಬ್ಬೆರಳಿನ ಮೇಲೆಯೇ ಬಿತ್ತು.

"ಸ್ವಲ್ಪ ಹಗುರದ್ದು ಬೇಕು" ಎಂದ ಅವನು, ಒಂಟಿಕಾಲಲ್ಲಿ ಕುಣಿಯುತ್ತ.

ಹೆಂಡತಿ ಬಾಟಲಿಯೊಂದರ ಬಿರಡೆ ತಂದುಕೊಟ್ಟಳು. ಈ ಸಲ ಬಾಣ ಕುಡಿದವನಂತೆ ತೂರಾಡುತ್ತ ಹೋಗಿ ಓನರ ಕಿಟಕಿಗೆ ಬಡಿಯಿತು. ಬಿರಡೆ ಕಳಚಿ ಒಳಗೆ ಹಾರಿತು.

"ಯಾರ್ರೀ ಅದು, ನನ್ನ ಚಹಾದಲ್ಲಿ ದೋಣಿ ಬಿಟ್ಟೋರು?" ಎಂದು ಒಳಗಿನಿಂದ ಗುಡುಗು ಕೇಳಿತು.

ಆಗ ಔಷಧಿ ಅಂಗಡಿಯವರು ಗಂಭೀರವಾಗಿ ಮುಂದೆ ಬಂದರು. ಅವರ ಅಂಗೈಯಲ್ಲಿ ಮಗುವಿನ ಹಾಲಿನ ಬಾಟಲಿಯ ನಿಪ್ಪಲ್ ಇತ್ತು.

"ಹಲ್ಲಿಲ್ಲದ ಬಾಯಿಗೇ ಇದು ನೋವು ಮಾಡಲ್ಲ. ಇನ್ಯಾರಿಗೆ ಮಾಡುತ್ತೆ ಹೇಳಿ?"

ಅದನ್ನು ಸಿಕ್ಕಿಸಿ ಬಿಟ್ಟಾಗ ತುದಿಯ ತೂತಿಗೆ ಗಾಳಿ ಹೊಕ್ಕು ಬಾಣ ಸಿಳ್ಳೆ ಹಾಕಿತು. ಬೀದಿಯ ನಾಯಿಗಳೆಲ್ಲ ತಮ್ಮನ್ನೇ ಕರೆದರೆಂದು ಓಡಿಬಂದವು. ದರ್ಜಿ ನಿಪ್ಪಲಿನೊಳಗೆ ಬಟ್ಟೆಯ ಚೂರು ತುರುಕಿ, ಬುಡಕ್ಕೆ ಬಿಗಿಯಾಗಿ ದಾರ ಸುತ್ತಿದ. ಆಮೇಲೆ ಬಿಟ್ಟ ಬಾಣ ನೇರವಾಗಿ ಹೋಗಿ, ಬೊಡ್ಡೆಗೆ ಮುತ್ತಿಟ್ಟು, ಹುಲ್ಲಿನ ಮೇಲೆ ಮೆತ್ತಗೆ ಮಲಗಿತು.

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ತನ್ನ ಬಿಲ್ಲಿಗಾಗಿ ಇವರೆಲ್ಲ ಇಷ್ಟು ಒದ್ದಾಡಿದರಲ್ಲ ಎಂದು ದರ್ಜಿಯ ಕಣ್ಣು ತೇವವಾಯಿತು.

ಸಾಯಂಕಾಲ ಓನರು ಬಂದರು. "ಮರಕ್ಕೇನ್ರೀ, ಅದು ಬಾಯಿ ಬಿಟ್ಟು ಹೇಳುತ್ತಾ? ಮನುಷ್ಯರಿಗೆ ತಾಗಿದ್ರೆ?"

"ನನ್ನ ಮೇಲೇ ಬಿಟ್ಟು ನೋಡಿ ಸಾರ್!" ಎಂದು ದರ್ಜಿ ಬೊಡ್ಡೆಗೆ ಮುಖಮಾಡಿ, ಬೆನ್ನು ತೋರಿಸಿ ನಿಂತ.

ಟಪ್!

"ನೋವಾಯ್ತಾ?"

"ಗುಬ್ಬಿ ಕುಕ್ಕಿದ ಹಾಗಾಯ್ತು, ಅಷ್ಟೇ."

"ಸರಿ. ಬಿಲ್ಲೂ ಇರ್ಲಿ, ಮನೇಲಿ ನೀವೂ ಇರಿ."

ದರ್ಜಿ ಹಿಗ್ಗಿ ಹೀರೇಕಾಯಿಯಾಗಿ ತಿರುಗಿದ. ಅಲ್ಲೊಂದು ಉದ್ದನೆಯ ಸಾಲು ನಿಂತಿತ್ತು. ಬಿಲ್ಲು ಆಗಲೇ ನಲ್ಲಿ ರಿಪೇರಿಯವನ ಕೈ ಸೇರಿತ್ತು.

"ತಿರುಗ್ಬೇಡ ಅಣ್ಣಾ, ಹಾಗೇ ನಿಂತ್ಕೋ."

"ಯಾಕಪ್ಪಾ?"

"ನನ್ನ ಮದುವೆ ಕೋಟು ಹೊಲಿಯೋಕೆ ಕೊಟ್ಟಿದ್ನಲ್ಲ? ಈಗ ಮಗಳು ಸ್ಕೂಲಿಗೆ ಹೋಗ್ತಿದ್ದಾಳೆ." ಟಪ್!

"ಬೆಳಿಗ್ಗೆಯಿಂದ ಸುಮ್ನೆ ಒದ್ದಾಡಿದ್ವಿ ಅಂದ್ಕೊಂಡ್ರಾ?" ಎಂದರು ಔಷಧಿ ಅಂಗಡಿಯವರು, ಬಿಲ್ಲು ಎಳೆಯುತ್ತ. "ಕೈಯಲ್ಲಿ ಹೊಡೆದ್ರೆ ಪೊಲೀಸ್ ಕೇಸು. ನೀವು ಹೊಲಿದ ಪ್ಯಾಂಟು, ನಮ್ಮ ಬೀಗರ ಎದುರಿಗೆ, ಕೂತ ಕೂಡ್ಲೇ ಪರ್ ಅಂತು!" ಟಪ್!

ನಡುವೆ ಹೆಂಡತಿಯೂ ಸೆರಗು ಬಿಗಿದು ಬಂದಳು. "ಊರೋರದ್ದು ಹಾಗಿರ್ಲಿ ರೀ. ಕಟ್ಕೊಂಡೋಳ ಬಟ್ಟೆ ಎಲ್ಲಿ?" ಎಲ್ಲರಿಗಿಂತ ಗುರಿ ಅವಳದೇ ಚೆನ್ನಾಗಿತ್ತು.

ಕತ್ತಲಾಗುವ ಹೊತ್ತಿಗೆ ಸಾಲು ಮುಗಿಯಿತು. ಗುಬ್ಬಿ ಒಂದು ಕುಕ್ಕಿದರೆ ಸರಿ, ಹಿಂಡೇ ಕುಕ್ಕಿದರೆ? ದರ್ಜಿ ಹಿಂಭಾಗ ಸವರಿಕೊಳ್ಳುತ್ತಿದ್ದ. ಓನರಿಗೂ ಅಯ್ಯೋ ಎನಿಸಿತು.

"ಹೋಗ್ಲಿ ಬಿಡಿ, ಆಗಿದ್ದಾಯ್ತು. ಅಂದಹಾಗೆ, ನನ್ನ ಶರ್ಟು ಯಾವಾಗ ಕೊಡ್ತೀರಿ?"

ದರ್ಜಿ ನಾಲಗೆ ಕಚ್ಚಿಕೊಳ್ಳುವಷ್ಟರಲ್ಲಿ ಅಭ್ಯಾಸದ ಮಾತು ಜಾರಿಬಿಟ್ಟಿತ್ತು.

"ನಾಳೆ ಬನ್ನಿ ಸಾರ್. ಗುಂಡಿ ಹಾಕೋದೊಂದೇ ಬಾಕಿ."

ಚದುರುತ್ತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮತ್ತೆ ಸಾಲಾಗಿ ನಿಂತರು.