ಬೆಳ್ಳುಳ್ಳಿ ನಂಬಿದ ಮೀಸೆ

ಇನ್ನು ಮುಂದೆ ಬೀಪಿ ಮಾತ್ರೆ ಮುಟ್ಟಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಮುನಿಯಣ್ಣ ಶಪಥ ಮಾಡಿದ. ಮನೆಯೊಳಗೆ ಮಾಡಿದ್ದರೆ ಹೆಂಡತಿ ಅನುಸೂಯಮ್ಮ ಅದನ್ನು ಒಗ್ಗರಣೆಯ ಸದ್ದಿನಲ್ಲಿ ಮುಳುಗಿಸಿಬಿಡುತ್ತಿದ್ದಳು. ಆದರೆ ಅವನು ಮಾಡಿದ್ದು ಬೀದಿಯಲ್ಲಿ. ಸರ್ಜಾಪುರದ ತನ್ನ ಸ್ವಂತ ಬಿಲ್ಡಿಂಗಿನ ಕೆಳಗೆ, ತನ್ನದೇ ಬಾಡಿಗೆದಾರ ಸಿದ್ದಲಿಂಗಯ್ಯನ ಮೆಡಿಕಲ್ ಶಾಪಿನ ಮುಂದೆ, ಹಾಲು ತರಲು ಬಂದವರೆಲ್ಲ ಕೇಳುವಂತೆ.

ಆ ಮೀಸೆ ಸಾಮಾನ್ಯದ್ದಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಿಲ್ಡಿಂಗ್ ಎದ್ದಿತ್ತು, ಎತ್ತು ಹೋಗಿ ಬುಲೆಟ್ ಬಂದಿತ್ತು, ಮೀಸೆ ಮಾತ್ರ ಅಂದಿನದೇ. ಬಾಡಿಗೆ ತಡವಾದರೆ ಮುನಿಯಣ್ಣ ಬಾಯಿ ಬಿಡುತ್ತಿರಲಿಲ್ಲ. ಮೀಸೆ ತಿರುವಿಕೊಂಡು ಬಾಗಿಲಲ್ಲಿ ನಿಂತರೆ ಸಾಕಾಗಿತ್ತು.

"ಮಾತ್ರೆ ನಿಲ್ಲಿಸಬೇಡಿ ಓನರ್ರೇ, ಡೇಂಜರ್ರು" ಎಂದ ಸಿದ್ದಲಿಂಗಯ್ಯ.

"ನೀನು ಮಾತ್ರೆ ಮಾರೋನು, ಇನ್ನೇನು ಹೇಳ್ತೀಯ? ನಮ್ಮ ತಾತ ತೊಂಬತ್ತು ದಾಟಿದ್ದು ಬೆಳ್ಳುಳ್ಳಿ ತಿಂದು. ಬೀಪಿ ಅಂದ್ರೆ ಏನು ಅಂತ್ಲೇ ಅವರಿಗೆ ಗೊತ್ತಿರ್ಲಿಲ್ಲ."

"ನಿಮ್ಮ ತಂದೆಯವರು?"

ತಂದೆ ಐವತ್ತೈದಕ್ಕೇ ಹೊಲದ ಬದುವಿನ ಮೇಲೆ ಲಕ್ವ ಹೊಡೆದು ಬಿದ್ದವರು, ಮತ್ತೆ ಏಳಲಿಲ್ಲ. ಮುನಿಯಣ್ಣ ಸ್ವಲ್ಪ ಯೋಚಿಸಿದ.

"ಅವರಿಗೆ ಬೆಳ್ಳುಳ್ಳಿ ವಾಸನೆ ಆಗ್ತಿರ್ಲಿಲ್ಲ" ಎಂದ.

ಅಂದಿನಿಂದ ಮನೆಯಲ್ಲಿ ಬೆಳ್ಳುಳ್ಳಿ ರಾಜ್ಯಭಾರ ಶುರುವಾಯಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಜಜ್ಜಿದ ಬೆಳ್ಳುಳ್ಳಿ ಜೇನುತುಪ್ಪದಲ್ಲಿ, ಬೀಪಿಗೆ. ಮಧ್ಯಾಹ್ನ ತುಪ್ಪದಲ್ಲಿ ಹುರಿದದ್ದು, ಗ್ಯಾಸಿಗೆ. ರಾತ್ರಿ ಹಾಲಿನಲ್ಲಿ ಕುದಿಸಿದ್ದು, ಕೆಮ್ಮಿಗೆ. ಕೆಮ್ಮು ಇರಲಿಲ್ಲ, ಆದರೆ ಬಂದರೆ ಇರಲಿ ಎಂದು. ಯಾರಿಗೆ ಏನೇ ಆಗಲಿ, ಮುನಿಯಣ್ಣನ ಹತ್ತಿರ ಔಷಧ ಒಂದೇ. ಎರಡನೇ ಮಹಡಿಯ ಶಿವಾನಿ ಬಾತ್‌ರೂಮಿನ ನಲ್ಲಿ ಸೋರುತ್ತಿದೆ ಎಂದು ಹೇಳಲು ಬಂದವಳು, ಕೂದಲು ತುಂಬ ಉದುರುತ್ತದೆಯೇ ಎಂದು ಕೇಳಿಸಿಕೊಂಡು, ಬೆಳ್ಳುಳ್ಳಿ ಎಣ್ಣೆಯ ಸೀಸೆ ಹಿಡಿದು ವಾಪಸ್ ಹೋದಳು. ನಲ್ಲಿ ಸೋರುತ್ತಲೇ ಇತ್ತು.

ಲಿಫ್ಟಿನಲ್ಲಿ ಮುನಿಯಣ್ಣ ಇದ್ದರೆ ಬಾಡಿಗೆದಾರರು ಮೆಟ್ಟಿಲು ಹತ್ತತೊಡಗಿದರು. ಹತ್ತಿ ಹತ್ತಿ ಒಬ್ಬಿಬ್ಬರ ಹೊಟ್ಟೆ ಕರಗಿತು. ಅದನ್ನೂ ಅವನು ಬೆಳ್ಳುಳ್ಳಿಯ ಮಹಿಮೆಗೇ ಸೇರಿಸಿಕೊಂಡ.

ಒಂದು ಬೆಳಿಗ್ಗೆ ನೀರಿನ ಸಂಪಿನ ಮುಚ್ಚಳ ಎತ್ತಲು ಬಗ್ಗಿದಾಗ ತಲೆ ಗಿರ್ರೆಂದಿತು. ಗೋಡೆ ಹಿಡಿದು ಕೂತ. ಕಣ್ಣ ಮುಂದೆ ಬದುವೂ ಬಂತು, ಸೊಟ್ಟಗಾದ ಅಪ್ಪನ ಬಾಯಿಯೂ ಬಂತು. ಮುನಿಯಣ್ಣನಿಗೆ ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಮಾತ್ರೆ ಬೇಕು. ಆದರೆ ಮೆಡಿಕಲ್ ಶಾಪು ತನ್ನ ಕಟ್ಟಡದಲ್ಲೇ ಇದೆ, ಶಪಥ ಕೇಳಿದವನೇ ಗಲ್ಲಾದಲ್ಲಿ ಕೂತಿದ್ದಾನೆ. ಸ್ವಂತ ಬಾಡಿಗೆದಾರನ ಮುಂದೆ ಕೈಚಾಚುವುದುಂಟೆ?

ಹೆಲ್ಮೆಟ್ ಹಾಕಿಕೊಂಡು, ಮೀಸೆ ಕಾಣದಂತೆ ಟವೆಲ್ ಸುತ್ತಿಕೊಂಡು, ಅತ್ತಿಬೆಲೆಗೆ ಹೋಗಿ ಮಾತ್ರೆ ತಂದ. ನೀರಿನ ಮೋಟರಿನ ಸ್ವಿಚ್ ಪೆಟ್ಟಿಗೆಯೊಳಗೆ ಬಚ್ಚಿಟ್ಟ. ಅಂದಿನಿಂದ ಮೋಟರ್ ಹಾಕುವ ಕೆಲಸವನ್ನು ಬೇರೆ ಯಾರಿಗೂ ಬಿಡಲಿಲ್ಲ. ಮೋಟರ್ ಹಾಕುವುದು, ಮಾತ್ರೆ ನುಂಗುವುದು, ಒಳಗೆ ಬಂದು ಹೆಂಡತಿ ಕೊಟ್ಟ ಬೆಳ್ಳುಳ್ಳಿ ಜೇನುತುಪ್ಪ ನೆಕ್ಕಿ "ಆಹಾ, ಇದೇ ಔಷಧ" ಎನ್ನುವುದು. ಎರಡು ದೋಣಿಯ ಮೇಲೆ ಕಾಲಿಟ್ಟು ಅವನು ನೆಮ್ಮದಿಯಿಂದಿದ್ದ.

ಒಂದು ಭಾನುವಾರ ಸಿದ್ದಲಿಂಗಯ್ಯ ಬೀಪಿ ಮಿಷನ್ನು ಹೊರಗಿಟ್ಟು ಕರೆದ. "ಬನ್ನಿ ಓನರ್ರೇ, ಎಲ್ಲರ ಮುಂದೆ ನೋಡೇಬಿಡೋಣ."

ಮುನಿಯಣ್ಣ ಸ್ಟೂಲಿನ ಮೇಲೆ ಕೂತು ಕೈ ನೀಡಿದ. ಮಿಷನ್ನು ಬುಸುಗುಟ್ಟಿ ನಿಂತಿತು. ಸಿದ್ದಲಿಂಗಯ್ಯ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಜಾಸ್ತಿ ಇಲ್ಲ. ಆದ್ರೆ ತುಂಬ ಕಮ್ಮಿ ಇದೆಯಲ್ಲ..."

ಮೊದಲ ಮಾತು ಕಿವಿಗೆ ಬಿದ್ದದ್ದೇ ಸಾಕಾಯಿತು. "ಕೇಳಿಸ್ಕೊಂಡ್ರಾ?" ಎಂದು ಮೀಸೆಗೆ ಕೈ ಹಾಕಿ ಮುನಿಯಣ್ಣ ಎದ್ದು ನಿಂತ. ನಿಂತದ್ದಷ್ಟೇ ನೆನಪು. ಡೈಪರ್ ಪೊಟ್ಟಣಗಳ ರಾಶಿಯ ಮೇಲೆ ಬಿದ್ದದ್ದರಿಂದ ಪೆಟ್ಟಾಗಲಿಲ್ಲ.

ಸಿದ್ದಲಿಂಗಯ್ಯನೇ ಆಟೋದಲ್ಲಿ ಹಾಕಿಕೊಂಡು ಡಾಕ್ಟರ್ ಯಮುನಾ ಅವರ ಕ್ಲಿನಿಕ್ಕಿಗೆ ಕರೆದೊಯ್ದ. ಅನುಸೂಯಮ್ಮ ದಾರಿಯುದ್ದಕ್ಕೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಕಾಲು ಎತ್ತರಿಸಿ ಮಲಗಿಸಿ, ಡ್ರಿಪ್ ಹಾಕಿ, ಡಾಕ್ಟರ್ ಕೇಳಿದರು:

"ಬೀಪಿ ಮಾತ್ರೆ ದಿನಕ್ಕೆ ಎಷ್ಟು ತಗೋತೀರ?"

"ಮಾತ್ರೇನಾ? ನಾನು ಮುಟ್ಟೋದೇ ಇಲ್ಲ. ಬರೀ ಬೆಳ್ಳುಳ್ಳಿ."

ಅನುಸೂಯಮ್ಮ ತಡೆಯಲಾರದೆ ಬಿಕ್ಕಿದಳು. "ತಪ್ಪು ನಂದು ಮೇಡಂ. ಮಾವ ಬಿದ್ದಿದ್ದನ್ನ ಕಣ್ಣಾರೆ ಕಂಡೋಳು ನಾನು. ಇವರೂ ಅಂಗೇ ಬಿದ್ದೋಗ್ತಾರೆ ಅಂತ ಭಯ ಆಯ್ತು. ದಿನಾ ಒಂದು ಮಾತ್ರೆ ಪುಡಿ ಮಾಡಿ ಜೇನುತುಪ್ಪದಲ್ಲಿ ಬೆರೆಸ್ತಿದ್ದೆ."

ಮುನಿಯಣ್ಣ ಮಲಗಿದ್ದಲ್ಲೇ ಕಣ್ಣು ಕೆಂಪಗೆ ಮಾಡಿದ. ಕಟ್ಟಿಕೊಂಡ ಹೆಂಡತಿಯಿಂದಲೇ ಇಂಥ ಮೋಸ!

"ಒಂದು ಮಾತ್ರೆಗೆ ಇಷ್ಟು ಇಳಿಯೋದಿಲ್ಲ" ಎಂದರು ಡಾಕ್ಟರ್. "ಇನ್ನೊಂದು ಎಲ್ಲಿಂದ ಬಂತು?"

ಮುನಿಯಣ್ಣ ಫ್ಯಾನು ನೋಡಿದ, ಡ್ರಿಪ್ಪಿನ ಬಾಟಲಿ ನೋಡಿದ, ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಸಿದ್ದಲಿಂಗಯ್ಯನನ್ನು ನೋಡಿದ.

"ಅತ್ತಿಬೆಲೆಯಿಂದ" ಎಂದ, ಮೆಲ್ಲಗೆ.

"ಬೆಳ್ಳುಳ್ಳಿ ಸಾರಿಗೆ ಹಾಕ್ಕೊಳ್ಳಿ, ಬೇಡ ಅನ್ನಲ್ಲ" ಎಂದರು ಡಾಕ್ಟರ್. "ಮಾತ್ರೆ ನಾನು ಹೇಳ್ದಂಗೆ ದಿನಕ್ಕೊಂದೇ. ಯಾರು ಕೊಡೋದು ಅಂತ ಗಂಡ ಹೆಂಡ್ತಿ ಮೊದಲು ಮಾತಾಡ್ಕೊಳ್ಳಿ."

ಮಾರನೆಯ ದಿನ ಮುನಿಯಣ್ಣ ಸಲೂನಿನಿಂದ ಬಂದಾಗ ಶಿವಾನಿ ಅವನನ್ನು ಬಾಡಿಗೆ ಮನೆ ನೋಡಲು ಬಂದವನೆಂದು ತಿಳಿದು, ನಲ್ಲಿ ಸೋರುತ್ತದೆ, ಈ ಬಿಲ್ಡಿಂಗ್ ಬೇಡ ಅಂಕಲ್ ಎಂದು ಬುದ್ಧಿ ಹೇಳಿದಳು.

ಆ ಸಿಟ್ಟನ್ನೆಲ್ಲ ಅವನು ಅಡುಗೆಮನೆಗೆ ತಂದ. "ಎಲ್ಲಾ ನಿನ್ನಿಂದ್ಲೇ. ನೀನು ಕದ್ದು ಬೆರೆಸದೇ ಇದ್ದಿದ್ರೆ ನನ್ನ ಮೀಸೆ ಉಳೀತಿತ್ತು."

ಅನುಸೂಯಮ್ಮ ಸಾರಿಗೆ ಬೆಳ್ಳುಳ್ಳಿ ಜಜ್ಜುತ್ತಿದ್ದಳು. ತಲೆ ಎತ್ತಲಿಲ್ಲ.

"ಬೆರೆಸಿದ್ದೇ ಮೀಸೆ ಉಳೀಲಿ ಅಂತ ಕಣ್ರೀ. ನೀವು ಮಾತ್ರೆ ಮುಟ್ತಿರ್ಲಿಲ್ಲ, ಜೀವಾನೂ ಉಳೀತಿತ್ತು, ಆಡಿದ ಮಾತೂ ಉಳೀತಿತ್ತು. ಬೆಳ್ಳುಳ್ಳಿ ಮೇಲೆ ನಿಮಗೇ ನಂಬಿಕೆ ಇಲ್ಲ ಅಂತ ನನಗೇನು ಗೊತ್ತು?"